ನಳ ಮುಟ್ಟಿದರೆ ‘ಜುಮ್’ ಅಂತೈತೇನು? ಮನೆ, ಅಂಗಡಿ ವೈರಿಂಗ್‌ಗೆ ಆರ್‌ಸಿಸಿಬಿ ಹಾಕಿಸುವವರಿಗೆ ಪೂರ್ತಿ ಮಾಹಿತಿ

ರೋಣ/ನರಗುಂದ/ಗಜೇಂದ್ರಗಡ: ‘ನಳ ಮುಟ್ಟಿದ್ರ ಜುಮ್ ಅಂತೈತಿ’, ‘ಕೂಲರ್‌ಗೆ ಕೈ ಹಚ್ಚಿದ್ರ ಸಣ್ಣಂಗ ಹಿಡಿತೈತಿ’, ‘ಮಳಿಗಾಲದಾಗ ಗ್ವಾಡಿನೂ ಕರೆಂಟ್ ಹೊಡಿತೈತಿ’. ನಮ್ಮ ಮೂರೂ ತಾಲ್ಲೂಕಿನಲ್ಲಿ ಈ ಮಾತು ಕೇಳದ ಓಣಿ ಇಲ್ಲ. ಕೇಳಿದವರು ‘ಚಪ್ಪಲಿ ಹಾಕ್ಕೊಂಡು ಮುಟ್ರಿ’ ಅಂತ ಹೇಳಿ ಸುಮ್ಮನಾಗುತ್ತಾರೆ.

ಈ ಜುಮ್ ಅನ್ನೋದು ಸಣ್ಣ ವಿಷಯ ಅಲ್ಲ. ಎಲ್ಲೋ ಫೇಸ್ ವೈರ್‌ನ ಸಿಪ್ಪೆ ಕಿತ್ತಿದೆ, ಕರೆಂಟ್ ತಪ್ಪು ದಾರಿ ಹಿಡಿದಿದೆ ಅಂತ ಅದರ ಅರ್ಥ. ಇವತ್ತು ಒಣ ಕೈಗೆ ಜುಮ್ ಅಂದದ್ದು ನಾಳೆ ಹಸಿ ಕೈಗೆ ಪ್ರಾಣ ತೆಗೆಯಬಹುದು.

ಇದನ್ನು ಬರೆಯೋಕೆ ನನ್ನದೇ ತಪ್ಪು ಕಾರಣ. ಮನೆ ಹಿಂದೆ ಹೊಸದಾಗಿ ಬಚ್ಚಲು ಕಟ್ಟಿದಾಗ ವೈರ್‌ಮನ್ ಕೂಲಿ ಉಳಿಸಬೇಕು ಅಂತ ಪಡಸಾಲೆ ಬೋರ್ಡಿನಿಂದ ಎರಡು ಎಳೆ ವೈರ್ ನಾನೇ ಎಳೆದು ಸಾಕೆಟ್ ಕೂರಿಸಿದ್ದೆ. ಅರ್ಥ್ ಪಿನ್ ಖಾಲಿ ಬಿಟ್ಟಿದ್ದೆ. ಬಲ್ಬ್ ಹತ್ತಿತು, ನೀರು ಕಾಯ್ತು, ಕೆಲಸ ಆಯ್ತು ಅಂದುಕೊಂಡೆ. ಒಂದು ದಿನ ಕಾಯಿಲ್ ಹಾಕಿದ್ದ ಸ್ಟೀಲ್ ಬಕೆಟ್ ಹಿಡಿದ ಅವ್ವ ಹಿಂದಕ್ಕೆ ಬಿದ್ದಳು. ಕೈ ಅಂಟಿಕೊಳ್ಳದೆ ಕಳಚಿಕೊಂಡಿದ್ದರಿಂದ ಉಳಿದಳು. ಆಮೇಲೆ ಬಂದ ವೈರ್‌ಮನ್ ಕಾಕಾ ಬೋರ್ಡ್ ಬಿಚ್ಚಿ ತೋರಿಸಿದ ಮೇಲೆ ಗೊತ್ತಾಗಿದ್ದು, ನಮ್ಮ ಮನೆಯಲ್ಲಿ ಎಂಸಿಬಿ ಇತ್ತು, ಮನುಷ್ಯರನ್ನು ಉಳಿಸೋ ಡಬ್ಬಿ ಇರಲಿಲ್ಲ ಅಂತ. ಆ ಡಬ್ಬಿಯ ಹೆಸರು ಆರ್‌ಸಿಸಿಬಿ.

ಮೊದಲೇ ಒಂದು ಮಾತು. ಹೊಸ ವೈರಿಂಗ್ ಮಾಡೋದು, ಬೋರ್ಡ್ ಬದಲಿಸೋದು ಪರವಾನಗಿ ಇರುವ ಗುತ್ತಿಗೆದಾರರ, ಪರ್ಮಿಟ್ ಇರುವ ವೈರ್‌ಮನ್‌ಗಳ ಕೆಲಸ. ನಿಯಮ ಇರೋದೂ ಹಾಗೆಯೇ. ಈ ಬರಹ ನೀವೇ ಬೋರ್ಡ್ ಬಿಚ್ಚಲಿ ಅಂತಲ್ಲ. ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ಏನು ಕೇಳಬೇಕು, ಏನು ನೋಡಬೇಕು ಅಂತ ಗೊತ್ತಿರಲಿ ಅಂತ.

ಎಂಸಿಬಿ ವೈರ್ ಉಳಿಸುತ್ತದೆ, ಆರ್‌ಸಿಸಿಬಿ ಜೀವ ಉಳಿಸುತ್ತದೆ

ಬಹಳ ಮಂದಿ ‘ನಮ್ಮನ್ಯಾಗ ಟ್ರಿಪ್ ಆಗೋ ಸ್ವಿಚ್ ಐತಿ, ಚಿಂತಿ ಇಲ್ಲ’ ಅಂತಾರೆ. ಅದು ಎಂಸಿಬಿ. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ 16 ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಹರಿಯಬೇಕು. ಓವರ್‌ಲೋಡ್ ಆಗಿ ವೈರ್ ಸುಡಬಾರದು, ಶಾರ್ಟ್ ಆದರೆ ಬೆಂಕಿ ಹತ್ತಬಾರದು ಅಂತ ಅದನ್ನು ಮಾಡಿದ್ದಾರೆ.

ಮನುಷ್ಯ ಸಾಯೋಕೆ ಅಷ್ಟೊಂದು ಬೇಡ. 1 ಮಿಲಿ ಆಂಪಿಯರ್ ಮೈಯಲ್ಲಿ ಹರಿದರೆ ಜುಮ್ ಅನಿಸುತ್ತದೆ. ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಕೈ ಬಿಗಿಯುತ್ತದೆ, ಹಿಡಿದದ್ದನ್ನು ಬಿಡೋಕೆ ಆಗಲ್ಲ. 30 ದಾಟಿ ಹೊತ್ತು ಹೋದರೆ ಉಸಿರಾಟಕ್ಕೆ, ಎದೆ ಬಡಿತಕ್ಕೆ ಅಪಾಯ. 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್ ಸುಮಾರು 40 ಮಿಲಿ ಆಂಪಿಯರ್ ಎಳೆಯುತ್ತದೆ. ಅಂದರೆ ಒಂದು ಸಣ್ಣ ಬಲ್ಬ್ ಹತ್ತುವ ಕರೆಂಟ್ ಸಾಕು. ಅಷ್ಟಕ್ಕೆ ಯಾವ ಎಂಸಿಬಿಯೂ ಬೀಳೋದಿಲ್ಲ, ಯಾವ ಫ್ಯೂಸೂ ಹೋಗೋದಿಲ್ಲ.

ಆರ್‌ಸಿಸಿಬಿ ಮಾಡುವ ಕೆಲಸ ಕುರಿ ಎಣಿಸೋ ಕೆಲಸ. ಬೆಳಿಗ್ಗೆ ದೊಡ್ಡಿಯಿಂದ ಬಿಟ್ಟ ಕುರಿ ಎಷ್ಟು, ಸಂಜೆ ತಿರುಗಿ ಬಂದದ್ದು ಎಷ್ಟು? ಫೇಸ್ ವೈರ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಲೆಕ್ಕ ಸರಿ ಇದ್ದರೆ ಸುಮ್ಮನಿರುತ್ತದೆ. ನಡುವೆ ಯಾರದೋ ಮೈಮೂಲಕ, ಹಸಿ ಗೋಡೆಯ ಮೂಲಕ ಸ್ವಲ್ಪ ನೆಲಕ್ಕೆ ಹೋದರೆ ಲೆಕ್ಕ ತಪ್ಪುತ್ತದೆ. 30 ಮಿಲಿ ಆಂಪಿಯರ್ ತಪ್ಪಿದರೆ 0.3 ಸೆಕೆಂಡ್ ಒಳಗೆ ಮೇನ್ ಕಟ್ ಆಗಬೇಕು. ಸೋರಿಕೆ ಅದರ ಐದು ಪಟ್ಟು ಇದ್ದರೆ 0.04 ಸೆಕೆಂಡ್ ಒಳಗೆ, ಅಂದರೆ ಕಣ್ಣು ಮಿಟುಕಿಸೋದರೊಳಗೆ.

ಅಂಗಡಿಗಳಲ್ಲಿ ಇದಕ್ಕೆ ಈಗಲೂ ‘ಇಎಲ್‌ಸಿಬಿ’ ಅಂತಾರೆ. ಹೆಸರು ಹಳೇದು, ಕೇಳಿದರೆ ಕೊಡೋದು ಆರ್‌ಸಿಸಿಬಿಯನ್ನೇ. ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಕೆಲಸ ಒಂದೇ ಡಬ್ಬಿಯಲ್ಲಿ ಬೇಕಾದರೆ ಅದು ಆರ್‌ಸಿಬಿಓ.

ಯೂಟ್ಯೂಬ್‌ನಲ್ಲಿ ಕಾಣೋ ಗುಂಡಿ ಸಾಕೆಟ್ ನಮಗಲ್ಲ

ಮನೆ ತಾವೇ ಕಟ್ಟಿಕೊಳ್ಳುವ ಹುಡುಗರು ಅಮೆರಿಕದ ವಿಡಿಯೊ ನೋಡಿ ‘ಟೆಸ್ಟ್’, ‘ರೀಸೆಟ್’ ಗುಂಡಿ ಇರುವ ಸಾಕೆಟ್ ಕೇಳುತ್ತಾರೆ. ಅದಕ್ಕೆ ಅಲ್ಲಿ ಜಿಎಫ್‌ಸಿಐ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್ 1961ರಲ್ಲಿ ಅದನ್ನು ರೂಪಿಸಿದರು. ಸುಮಾರು 5 ಮಿಲಿ ಆಂಪಿಯರ್‌ಗೇ ಅದು ಕಟ್ ಆಗುತ್ತದೆ. ಅಲ್ಲಿ ಬಚ್ಚಲು, ಅಡುಗೆಮನೆ, ಹಿತ್ತಲಿನ ಸಾಕೆಟ್‌ಗೆಲ್ಲ ಅದು ಕಡ್ಡಾಯ.

ತತ್ವ ಒಂದೇ, ವಸ್ತು ಬೇರೆ. ಅದು 120 ವೋಲ್ಟ್‌ಗೆ ಮಾಡಿದ್ದು, ನಮ್ಮದು 230 ವೋಲ್ಟ್. ನಮ್ಮ ಪ್ಲಗ್ ಅದಕ್ಕೆ ಕೂರುವುದೂ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿ ಹಾಕಬೇಡಿ. ನಮ್ಮಲ್ಲಿ ಈ ರಕ್ಷಣೆಯನ್ನು ಸಾಕೆಟ್‌ನಲ್ಲಿ ಅಲ್ಲ, ಮೇನ್ ಬೋರ್ಡಿನಲ್ಲಿ ಕೂರಿಸುವುದು ರೂಢಿ. ಒಂದು ಡಬ್ಬಿ ಹಾಕಿದರೆ ಅದರ ಮುಂದಿನ ಎಲ್ಲ ಸಾಕೆಟ್‌ಗೂ ಕಾವಲು.

ನಮ್ಮ ಊರಿನ ನೆಲ, ನಮ್ಮ ಅರ್ಥಿಂಗ್

ಕಂಬದಿಂದ ಮನೆಗೆ ಸಾಮಾನ್ಯವಾಗಿ ಬರೋದು ಎರಡೇ ವೈರ್: ಫೇಸ್, ನ್ಯೂಟ್ರಲ್. ಅರ್ಥ್ ನಾವೇ ನೆಲದಲ್ಲಿ ಮಾಡಿಕೊಳ್ಳಬೇಕು. ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನೋದು ನಿಮ್ಮ ಹಿತ್ತಲಿನ ಮಣ್ಣಿನ ಮೇಲೆ ನಿಂತಿದೆ.

ರೋಣ, ನರಗುಂದ ಕಡೆ ಎರೆ ಮಣ್ಣು. ಹಸಿ ಇದ್ದಾಗ ಕರೆಂಟ್ ಚೆನ್ನಾಗಿ ಎಳೆಯುತ್ತದೆ. ಬೇಸಿಗೆಯಲ್ಲಿ ಕಾಲು ಸಿಗೋವಷ್ಟು ಬಿರುಕು ಬಿಟ್ಟು ಪೈಪ್‌ನಿಂದ ಮಣ್ಣು ದೂರ ಸರಿಯುತ್ತದೆ. ಸರಿಯಾಗಿ ಕೂಲರ್ ಹಚ್ಚೋ ಹೊತ್ತಿಗೇ ಅರ್ಥ್ ಕೈ ಕೊಡುತ್ತದೆ. ಗಜೇಂದ್ರಗಡದ ಗುಡ್ಡದ ಸೆರಗಿನಲ್ಲಿ ನಾಲ್ಕು ಅಡಿಗೆ ಕಲ್ಲು ಸಿಗುವ ಜಾಗ ಇವೆ. ಅಲ್ಲಿ ಒಂದು ಸಣ್ಣ ರಾಡ್ ಬಡಿದು ‘ಅರ್ಥ್ ಆಯ್ತು’ ಅಂದರೆ ಆಗಲ್ಲ. ನರಗುಂದ ಪಟ್ಟಣದ ಹಳೇ ಓಣಿಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ಹಳೇ ಹಗೇವು ಇದ್ದಲ್ಲಿ ನೆಲ ಕುಸಿದದ್ದು ಎಲ್ಲರಿಗೂ ಗೊತ್ತು. ಅರ್ಥ್ ಗುಂಡಿ ತೋಡೋ ಮುಂಚೆ ಓಣಿಯ ಹಿರಿಯರನ್ನು ಕೇಳಿಕೊಳ್ಳಿ.

ಪೈಪ್ ಅರ್ಥಿಂಗ್‌ನ ರೂಢಿ ಹೀಗಿದೆ: ಸುಮಾರು 40 ಮಿಲಿಮೀಟರ್ ದಪ್ಪ, 2.5 ಮೀಟರ್ ಉದ್ದದ ಜಿಐ ಪೈಪ್. ಸುತ್ತ ಇದ್ದಿಲು, ಉಪ್ಪು ಪದರ. ಗೋಡೆಯಿಂದ ಒಂದೂವರೆ ಮೀಟರ್ ದೂರ. ಮೇಲೆ ನೀರು ಹಾಕೋಕೆ ಬಾಯಿ, ಅದಕ್ಕೊಂದು ಮುಚ್ಚಳ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ.

ಈಗ ಲೆಕ್ಕ ನೋಡಿ. ಬೇಸಿಗೆಯಲ್ಲಿ ನಿಮ್ಮ ಅರ್ಥ್‌ನ ರೆಸಿಸ್ಟೆನ್ಸ್ 50 ಓಮ್ ಆಗಿದೆ ಅಂತ ಇಟ್ಟುಕೊಳ್ಳಿ. ಕೂಲರ್ ಒಳಗೆ ಫೇಸ್ ವೈರ್ ತಗಡಿಗೆ ತಾಗಿತು. 230 ಭಾಗಿಸು 50, ಅಂದರೆ 4.6 ಆಂಪಿಯರ್ ನೆಲಕ್ಕೆ ಹರಿಯುತ್ತದೆ. 16 ಆಂಪಿಯರ್ ಎಂಸಿಬಿ ಅಲುಗಾಡುವುದಿಲ್ಲ. ಕೂಲರ್ ತಗಡಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಕರೆಂಟ್ ನಿಂತೇ ಇರುತ್ತದೆ. ಮಕ್ಕಳು ಹೋಗಿ ಮುಟ್ಟುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದ್ದರೆ? 4.6 ಆಂಪಿಯರ್ ಅಂದರೆ ಅದರ ಮಿತಿಯ ನೂರೈವತ್ತು ಪಟ್ಟು. ವೈರ್ ತಗಡಿಗೆ ತಾಗಿದ ಕ್ಷಣಕ್ಕೇ ಮೇನ್ ಬೀಳುತ್ತದೆ, ಯಾರೂ ಮುಟ್ಟುವ ಮುಂಚೆಯೇ.

ಅದಕ್ಕೇ ನಮ್ಮಂಥ ಊರಿಗೆ ಎರಡೂ ಬೇಕು. ಅರ್ಥ್ ಇಲ್ಲದೆ ಆರ್‌ಸಿಸಿಬಿ ಇದ್ದರೆ ಯಾರಾದರೂ ಮುಟ್ಟಿದ ಮೇಲೆ ಕಟ್ ಆಗುತ್ತದೆ, ಒಂದು ಏಟು ಬಿದ್ದೇ ಬೀಳುತ್ತದೆ. ಆರ್‌ಸಿಸಿಬಿ ಇಲ್ಲದೆ ಬರೀ ಅರ್ಥ್ ಇದ್ದರೆ ಬೇಸಿಗೆಯಲ್ಲಿ ಅದನ್ನು ನಂಬೋ ಹಾಗಿಲ್ಲ.

ಅಂಗಡಿಗೆ ಹೋದಾಗ ಏನು ಕೇಳಬೇಕು?

* ಸೆನ್ಸಿಟಿವಿಟಿ 30 ಮಿಲಿ ಆಂಪಿಯರ್ ಇರಲಿ. 100 ಮತ್ತು 300ರದ್ದೂ ಬರುತ್ತವೆ. 300ರದ್ದು ಬೆಂಕಿ ತಡೆಯೋಕೆ, ಮನುಷ್ಯರ ರಕ್ಷಣೆಗೆ ಅಲ್ಲ.
* ಸಿಂಗಲ್ ಫೇಸ್‌ಗೆ ಎರಡು ಪೋಲ್, ತ್ರೀ ಫೇಸ್‌ಗೆ ನಾಲ್ಕು ಪೋಲ್.
* ಆಂಪಿಯರ್ ಸಾಮಾನ್ಯವಾಗಿ 25, 40, 63. ಅದರ ಹಿಂದಿರುವ ಮೇನ್ ಎಂಸಿಬಿಗಿಂತ ಕಡಿಮೆ ಇರಬಾರದು.
* ಮೇಲೆ ಐಎಸ್‌ಐ ಗುರುತು, ಐಎಸ್ 12640 ಅಂತ ಬರಹ ಇರಬೇಕು.
* ವಾಷಿಂಗ್ ಮಷಿನ್, ಇನ್ವರ್ಟರ್ ಎಸಿ ಥರದ ಎಲೆಕ್ಟ್ರಾನಿಕ್ ಸಾಮಾನು ಇರುವ ಮನೆಗೆ ‘ಎಸಿ ಟೈಪ್’ ಬದಲು ‘ಎ ಟೈಪ್’ ಒಳ್ಳೆಯದು.
* ಬಿಲ್ ತೆಗೆದುಕೊಳ್ಳಿ. ಡೂಪ್ಲಿಕೇಟ್ ಬಂದರೆ ವಾಪಸ್ ಕೊಡೋಕೆ ಅದೇ ಆಧಾರ.

ಹೆಸರಿರುವ ಕಂಪನಿಯದ್ದು ಸುಮಾರು ಎರಡು ಸಾವಿರ ರೂಪಾಯಿ ಆಸುಪಾಸು ಬೀಳುತ್ತದೆ. ಮನೆ ಕಟ್ಟೋಕೆ ಲಕ್ಷಗಟ್ಟಲೆ ಹಾಕುವವರಿಗೆ ಇದು ಒಂದು ಬಾಗಿಲ ಚಿಲಕದ ಖರ್ಚು.

ಬೋರ್ಡಿನಲ್ಲಿ ಕೂರಿಸುವ ಕ್ರಮ

ಮೀಟರ್ ಆದ ಮೇಲೆ ಮೇನ್ ಸ್ವಿಚ್ ಅಥವಾ ಎರಡು ಪೋಲ್ ಎಂಸಿಬಿ. ಅದಾದ ಮೇಲೆ ಆರ್‌ಸಿಸಿಬಿ. ಅದರಿಂದ ಹೊರಟ ಫೇಸ್ ಒಂದೊಂದು ಲೈನಿನ ಎಂಸಿಬಿಗೆ, ನ್ಯೂಟ್ರಲ್ ಪ್ರತ್ಯೇಕ ನ್ಯೂಟ್ರಲ್ ಪಟ್ಟಿಗೆ. ಕೆಲಸ ನಡೆಯುವಾಗ ಈ ನಾಲ್ಕು ನೋಡಿ:

1. ಫೇಸ್, ನ್ಯೂಟ್ರಲ್ ಎರಡೂ ಆರ್‌ಸಿಸಿಬಿ ಒಳಗಿಂದಲೇ ಹೋಗಬೇಕು. ಅರ್ಥ್ ವೈರ್ ಅದರೊಳಗೆ ಹೋಗಬಾರದು, ನೇರ ಅರ್ಥ್ ಪಟ್ಟಿಗೆ ಹೋಗಬೇಕು.
2. ಆರ್‌ಸಿಸಿಬಿ ದಾಟಿದ ನ್ಯೂಟ್ರಲ್ ಬೇರೆ ಯಾವ ನ್ಯೂಟ್ರಲ್ ಜೊತೆಗೂ, ಅರ್ಥ್ ಜೊತೆಗೂ ಕೂಡಬಾರದು. ಕೂಡಿದರೆ ಲೆಕ್ಕ ತಪ್ಪಿ ಸುಮ್ಮಸುಮ್ಮನೆ ಬೀಳುತ್ತದೆ. ಮನೆಯಲ್ಲಿ ಯುಪಿಎಸ್ ಇನ್ವರ್ಟರ್ ಇದ್ದರೆ ಅದರ ನ್ಯೂಟ್ರಲ್ ವಿಷಯ ವೈರ್‌ಮನ್‌ಗೆ ಮೊದಲೇ ಹೇಳಿ. ಬಹಳ ಕಡೆ ಜಗಳ ಬರೋದು ಇಲ್ಲೇ.
3. ಬಣ್ಣ ಬದಲಾಗಬಾರದು. ಫೇಸ್‌ಗೆ ಕೆಂಪು, ಹಳದಿ ಅಥವಾ ನೀಲಿ. ನ್ಯೂಟ್ರಲ್‌ಗೆ ಕಪ್ಪು. ಅರ್ಥ್‌ಗೆ ಹಸಿರು ಅಥವಾ ಹಸಿರು-ಹಳದಿ. ‘ಹಸಿರು ಮುಗಿದೈತಿ, ಕೆಂಪೇ ಹಾಕ್ತೀನಿ’ ಅಂದರೆ ಒಪ್ಪಬೇಡಿ. ನಾಳೆ ರಿಪೇರಿಗೆ ಬಂದವನಿಗೆ ಅದು ಗೊತ್ತಿರುವುದಿಲ್ಲ.
4. ಸ್ವಿಚ್ ಯಾವಾಗಲೂ ಫೇಸ್ ಮೇಲೆ. ನ್ಯೂಟ್ರಲ್ ಮೇಲೆ ಸ್ವಿಚ್ ಇದ್ದರೆ ಆಫ್ ಮಾಡಿದರೂ ಬಲ್ಬ್ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ.

ದುಡ್ಡಿಗೆ ಅನುಕೂಲ ಇದ್ದರೆ ಬಚ್ಚಲು, ಅಡುಗೆಮನೆ, ಹಿತ್ತಲಿಗೆ ಒಂದು, ಉಳಿದದ್ದಕ್ಕೆ ಒಂದು ಅಂತ ಎರಡು ಆರ್‌ಸಿಸಿಬಿ ಹಾಕಿಸಿ. ಒಂದು ಬಿದ್ದರೂ ಮನೆ ಪೂರ್ತಿ ಕತ್ತಲಾಗುವುದಿಲ್ಲ.

ಸಾಕೆಟ್ ಮತ್ತು ಬಚ್ಚಲು

ನಮ್ಮ ಮೂರು ಪಿನ್ ಪ್ಲಗ್‌ನಲ್ಲಿ ಮೇಲಿನ ದಪ್ಪ, ಉದ್ದ ಪಿನ್ ಅರ್ಥ್‌ದು. ಎಲ್ಲಕ್ಕಿಂತ ಮೊದಲು ಅದೇ ಕೂರಲಿ ಅಂತ ಉದ್ದ ಇಟ್ಟಿದ್ದಾರೆ. ಅದನ್ನು ಮುರಿದು ಎರಡು ಪಿನ್ ಮಾಡಿಕೊಳ್ಳುವುದು, ಬರೀ ವೈರ್ ತುದಿಗೆ ಕಡ್ಡಿ ಸಿಗಿಸುವುದು ಎರಡನ್ನೂ ಬಿಡಬೇಕು.

ಲೈಟ್, ಫ್ಯಾನ್ ಲೈನಿಗೆ 1.5, ಸಾಕೆಟ್‌ಗೆ 2.5, ಗೀಜರ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿಸಿದರೆ ಚಿಂತೆ ಇಲ್ಲ. 2000 ವ್ಯಾಟ್ ಗೀಜರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರ್ ಸಾಕೆಟ್‌ಗೆ ಸಿಗಿಸಿದರೆ ಸಾಕೆಟ್ ಕರಗುತ್ತದೆ. 16 ಆಂಪಿಯರ್ ಸಾಕೆಟ್, ಅದಕ್ಕೇ ಬೇರೆ ಎಂಸಿಬಿ ಬೇಕು.

ಬಚ್ಚಲ ಒಳಗೆ ಸಾಕೆಟ್ ಬೇಡವೇ ಬೇಡ. ಸ್ವಿಚ್ ಬಾಗಿಲ ಹೊರಗೆ ಇರಲಿ. ಕಾಯಿಲ್ ಬಳಸುವವರು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ನೀರಿಗೆ ಕೈ ಹಾಕಿ. ‘ಕಾದೈತೋ ಇಲ್ಲೋ’ ಅಂತ ಬೆರಳು ಅದ್ದಿ ನೋಡೋ ಚಟ ಬಿಡಿ. ಬಟ್ಟೆ ಒಣಹಾಕೋಕೆ ತಂತಿ ಬದಲು ನೈಲಾನ್ ಹಗ್ಗ ಕಟ್ಟಿ. ಸರ್ವಿಸ್ ವೈರ್ ಬರುವ ಪೈಪಿಗೆ ಯಾವ ಕಾರಣಕ್ಕೂ ತಂತಿ ಕಟ್ಟಬೇಡಿ. ಅಲ್ಲಿ ಕರೆಂಟ್ ಸೋರಿದರೆ ನಿಮ್ಮ ಬೋರ್ಡಿನ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ, ಅದು ಮೀಟರ್ ಹಿಂದಿನ ಮಾತು.

ಎಲ್ಲಕ್ಕಿಂತ ಕೆಟ್ಟ ತಪ್ಪು: ನ್ಯೂಟ್ರಲ್ ಮತ್ತು ಅರ್ಥ್ ಜೋಡಿಸೋದು

ಅರ್ಥ್ ವೈರ್ ಇಲ್ಲದ ಮನೆಯಲ್ಲಿ ಸಾಕೆಟ್ ಹಿಂದೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್‌ಗೆ ಒಂದು ತುಂಡು ವೈರ್ ಹಾಕಿ ‘ಅರ್ಥ್ ಕೊಟ್ಟೀನಿ’ ಅನ್ನುವವರಿದ್ದಾರೆ. ಮೀಟರ್ ಹಿಡಿದರೆ ಸರಿಯಾಗೇ ತೋರಿಸುತ್ತದೆ. ಆದರೆ ಕಂಬದಲ್ಲಿ ಅಥವಾ ಬೋರ್ಡಿನಲ್ಲಿ ನ್ಯೂಟ್ರಲ್ ಕಿತ್ತುಹೋದ ಕ್ಷಣ, ಆ ಸಾಕೆಟ್‌ಗೆ ಹಾಕಿದ ಫ್ರಿಜ್, ಕೂಲರ್, ಮಿಕ್ಸಿಯ ಲೋಹದ ಮೈಗೆಲ್ಲ ಪೂರ್ತಿ 230 ವೋಲ್ಟ್ ಬರುತ್ತದೆ. ಗಾಳಿ ಮಳೆಗೆ ನ್ಯೂಟ್ರಲ್ ಕಿತ್ತುಹೋಗುವುದು ನಮ್ಮ ಕಡೆ ಅಪರೂಪ ಅಲ್ಲ.

ಇದರ ಉಲ್ಟಾ ತಪ್ಪೂ ಇದೆ. ನ್ಯೂಟ್ರಲ್ ಹೋಗಿದೆ ಅಂತ ನೆಲಕ್ಕೆ ರಾಡ್ ಬಡಿದು ಅದನ್ನೇ ನ್ಯೂಟ್ರಲ್ ಮಾಡಿ ಬಲ್ಬ್ ಹಚ್ಚುವುದು. ಆ ರಾಡ್ ಹತ್ತಿರ ಹಸಿ ನೆಲದಲ್ಲಿ ನಿಂತ ದನಕ್ಕೂ ಮನುಷ್ಯರಿಗೂ ಅಪಾಯ. ನ್ಯೂಟ್ರಲ್ ಇಲ್ಲದಿದ್ದರೆ ಹೆಸ್ಕಾಂಗೆ ದೂರು ಕೊಡಿ, ರಾಡ್ ಬಡಿಯಬೇಡಿ.

ಹಳೇ ಮನೆ, ಭಾಗ್ಯಜ್ಯೋತಿ ಮನೆ

ಒಂದೇ ಬಲ್ಬಿಗೆ ಅಂತ ಭಾಗ್ಯಜ್ಯೋತಿ ಕೊಟ್ಟ ಎಷ್ಟೋ ಮನೆಗಳಲ್ಲಿ ಈಗ ಟಿವಿ, ಮಿಕ್ಸಿ, ಕೂಲರ್, ಮೋಟರ್ ಎಲ್ಲಾ ಇದೆ. ವೈರ್ ಮಾತ್ರ ಅವತ್ತಿನದೇ, ಎರಡು ಎಳೆ. ಮಾಳಿಗೆ ಮನೆಯಾದರೆ ಮಳೆಗಾಲದಲ್ಲಿ ಗೋಡೆ ನೀರು ಕುಡಿದಿರುತ್ತದೆ. ಪತ್ರಾಸ್ ಶೆಡ್ ಆದರೆ ವೈರ್ ಸಿಪ್ಪೆ ಕಿತ್ತರೆ ತಗಡು ಪೂರ್ತಿ ಕರೆಂಟ್ ಆಗುತ್ತದೆ.

ಪೂರ್ತಿ ವೈರಿಂಗ್ ಬದಲಿಸೋಕೆ ದುಡ್ಡಿಲ್ಲ ಅಂದರೆ ಮೊದಲು ಆರ್‌ಸಿಸಿಬಿ ಹಾಕಿಸಿ. ಅದು ಕೆಲಸ ಮಾಡೋಕೆ ಅರ್ಥ್ ವೈರ್ ಇರಲೇಬೇಕು ಅಂತಿಲ್ಲ. ಆಮೇಲೆ ಅರ್ಥ್ ಗುಂಡಿ. ಆಮೇಲೆ ಬಚ್ಚಲು, ಅಡುಗೆಮನೆ ಲೈನಿಗೆ ಹಸಿರು ವೈರ್. ಕೈಗೆ ದುಡ್ಡು ಬಂದ ಹಾಗೆ ಈ ಕ್ರಮದಲ್ಲಿ ಮಾಡಿದರೂ ನಡೆಯುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಕೊಣ್ಣೂರು, ಲಖಮಾಪುರ ಕಡೆ ಮನೆಗಳಿಗೆ ನೀರು ಹೊಕ್ಕಿದ್ದು ಯಾರೂ ಮರೆತಿಲ್ಲ. ಹೊಳೆ ದಂಡೆಯ ಊರಿನವರು ಸಾಕೆಟ್‌ಗಳನ್ನು ಎತ್ತರದಲ್ಲಿ ಹಾಕಿಸಿ. ನೀರು ನುಗ್ಗಿದ ಮನೆಯಲ್ಲಿ ‘ಬಿಸಿಲಿಗೆ ಒಣಗೈತಿ’ ಅಂತ ಮೇನ್ ಹಾಕಬೇಡಿ. ಪೈಪ್ ಒಳಗೆ ರಾಡಿ ನಿಂತಿರುತ್ತದೆ. ವೈರ್‌ಮನ್ ಕರೆಸಿ ಮೆಗ್ಗರ್‌ನಲ್ಲಿ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. ನೀರಲ್ಲಿ ಮುಳುಗಿದ ಎಂಸಿಬಿ, ಆರ್‌ಸಿಸಿಬಿ ಮತ್ತೆ ಬಳಸಬೇಡಿ.

ಅಂಗಡಿಕಾರರಿಗೆ

ಹೊರಗಿಟ್ಟ ಫ್ರಿಜ್, ಕಬ್ಬಿನ ಹಾಲಿನ ಮಷಿನ್, ಕಬ್ಬಿಣದ ಚೌಕಟ್ಟಿನ ನೇಮ್ ಬೋರ್ಡ್, ತಗಡಿನ ಚಪ್ಪರದ ಕಂಬ, ಶಟರ್. ಇವೆಲ್ಲ ಗಿರಾಕಿ ಮುಟ್ಟುವ ಲೋಹ. ಮಳೆಯಲ್ಲಿ ನಿಂತ ಗಿರಾಕಿಗೆ ಶಾಕ್ ಹೊಡೆದರೆ ಅಂಗಡಿ ಮಾಲೀಕನೇ ಉತ್ತರ ಕೊಡಬೇಕು. ಇಂಥ ಲೈನಿಗೆಲ್ಲ 30 ಮಿಲಿ ಆಂಪಿಯರ್ ರಕ್ಷಣೆ ಇರಲಿ, ಚೌಕಟ್ಟಿಗೆ ಅರ್ಥ್ ಇರಲಿ. ಹಿಟ್ಟಿನ ಗಿರಣಿ, ಮಗ್ಗ ಇಟ್ಟವರು ತ್ರೀ ಫೇಸ್ ಮೋಟರ್‌ಗೆ ನಾಲ್ಕು ಪೋಲ್‌ನದ್ದು ಹಾಕಿಸಿ, ಮೋಟರ್ ಬಾಡಿಗೆ ಅರ್ಥ್ ವೈರ್ ಬಿಗಿಸಿ. ಸಂತೆ, ಜಾತ್ರೆಯಲ್ಲಿ ಪಕ್ಕದ ಅಂಗಡಿಯಿಂದ ಎಳೆದ ಲೈನ್ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ.

ಪದೇ ಪದೇ ಬೀಳುತ್ತಿದ್ದರೆ?

‘ಇದರ ಕಾಟ ಸಾಕಾತು’ ಅಂತ ಆರ್‌ಸಿಸಿಬಿ ಕಿತ್ತು ನೇರ ಕೊಟ್ಟುಕೊಂಡ ಮನೆಗಳಿವೆ. ಅದು ಬೀಳುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ಕಂಡುಹಿಡಿಯುವುದು ಹೀಗೆ: ಎಲ್ಲ ಪ್ಲಗ್ ಕೀಳಿ, ಎಲ್ಲ ಎಂಸಿಬಿ ಕೆಳಗೆ ಮಾಡಿ. ಆರ್‌ಸಿಸಿಬಿ ಮೇಲೆತ್ತಿ. ನಿಂತರೆ ಒಂದೊಂದೇ ಎಂಸಿಬಿ, ಆಮೇಲೆ ಒಂದೊಂದೇ ಪ್ಲಗ್ ಹಾಕುತ್ತ ಬನ್ನಿ. ಯಾವುದಕ್ಕೆ ಬಿತ್ತೋ ಕಳ್ಳ ಅಲ್ಲೇ. ಗೀಜರ್, ಇಸ್ತ್ರಿ ಪೆಟ್ಟಿಗೆ, ಹಳೇ ಫ್ರಿಜ್, ಬೋರ್ ಮೋಟರ್ ಕೇಬಲ್ ಮೊದಲು ನೋಡಿ. ಎಲ್ಲಾ ಎಂಸಿಬಿ ಕೆಳಗಿದ್ದರೂ ಬೀಳುತ್ತಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ತಾಗಿರಬಹುದು. ಆಗ ವೈರ್‌ಮನ್ ಬೇಕು.

ಓದುಗರ ಸಾಮಾನ್ಯ ಪ್ರಶ್ನೆಗಳು

*ಆರ್‌ಸಿಸಿಬಿ ಇದ್ದರೆ ಎಂಸಿಬಿ ಬೇಡವೇ?*
ಬೇಕು. ಓವರ್‌ಲೋಡ್, ಶಾರ್ಟ್ ಆದರೆ ಆರ್‌ಸಿಸಿಬಿ ಬೀಳುವುದಿಲ್ಲ.

*ಆರ್‌ಸಿಸಿಬಿ ಇದ್ದರೆ ಶಾಕ್ ಭಯವೇ ಇಲ್ಲವೇ?*
ಇದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಲೆಕ್ಕ ಸರಿಯಾಗೇ ಇರುತ್ತದೆ, ಅದು ನಿಮ್ಮನ್ನು ಬಲ್ಬ್ ಅಂದುಕೊಳ್ಳುತ್ತದೆ. ಹರಿದುಬಿದ್ದ ಕಂಬದ ತಂತಿಗೂ ಅದಕ್ಕೂ ಸಂಬಂಧ ಇಲ್ಲ.

*ಟೆಸ್ಟರ್ ಹಚ್ಚಿ ಅರ್ಥ್ ಸರಿ ಇದೆ ಅಂತ ಹೇಳಬಹುದೇ?*
ಆಗಲ್ಲ. ಟೆಸ್ಟರ್ ಫೇಸ್ ಎಲ್ಲಿದೆ ಅಂತ ಮಾತ್ರ ತೋರಿಸುತ್ತದೆ. ಅರ್ಥ್ ಪರೀಕ್ಷೆಗೆ ಅರ್ಥ್ ಟೆಸ್ಟರ್ ಮೀಟರ್ ಬೇರೆ ಇದೆ.

*ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?*
ಮುಂಭಾಗದಲ್ಲಿ ‘ಟಿ’ ಅಂತ ಬರೆದ ಸಣ್ಣ ಗುಂಡಿ ಇರುತ್ತದೆ. ಕರೆಂಟ್ ಇದ್ದಾಗ ಒತ್ತಿ. ತಕ್ಷಣ ಬೀಳಬೇಕು. ಬೀಳದಿದ್ದರೆ ಬದಲಿಸಿ. ಪ್ರತಿ ಅಮಾವಾಸ್ಯೆ ಪೂಜೆ ದಿನ ಒತ್ತಿ ನೋಡೋದು ಅಂತ ಇಟ್ಟುಕೊಂಡರೆ ಮರೆಯೋದಿಲ್ಲ. ಈ ಗುಂಡಿ ಡಬ್ಬಿಯನ್ನು ಪರೀಕ್ಷಿಸುತ್ತದೆ, ನಿಮ್ಮ ಅರ್ಥಿಂಗ್‌ನ್ನು ಅಲ್ಲ.

ಶಾಕ್ ಹೊಡೆದರೆ

ಮೊದಲು ಮೇನ್ ತೆಗೆಯಿರಿ. ಅದು ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ವೈರ್ ಸರಿಸಿ. ಬರಿಗೈಯಲ್ಲಿ ಎಳೆಯೋಕೆ ಹೋದವರೂ ಜೊತೆಗೇ ಹೋಗಿದ್ದಾರೆ. ಕಂಬದ ತಂತಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಹೆಸ್ಕಾಂನವರು ಲೈನ್ ಬಂದ್ ಮಾಡುವವರೆಗೆ ದೂರ ನಿಲ್ಲಿ. ಕರೆಂಟ್‌ನಿಂದ ಬಿಡಿಸಿದ ಮೇಲೆ ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತ ಇರಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತು ‘ಏನೂ ಆಗಿಲ್ಲ’ ಅಂದರೂ ಆಸ್ಪತ್ರೆಗೆ ತೋರಿಸಿ.

ಆಂಬುಲೆನ್ಸ್: 108
ಹೆಸ್ಕಾಂ ಸಹಾಯವಾಣಿ: 1912
ತುರ್ತು ಸಹಾಯ: 112

ಈಗ ಎದ್ದು ನಿಮ್ಮ ಬೋರ್ಡ್ ನೋಡಿ. ‘ಟಿ’ ಗುಂಡಿ ಇದ್ದರೆ ಒಮ್ಮೆ ಒತ್ತಿ. ಗುಂಡಿಯೇ ಇಲ್ಲ ಅಂದರೆ, ನಮ್ಮ ಮನೆಯಲ್ಲಿ ಆದದ್ದು ನಿಮ್ಮಲ್ಲಿ ಆಗುವ ಮುಂಚೆ ವೈರ್‌ಮನ್‌ಗೆ ಫೋನ್ ಮಾಡಿ.